ಟವರು ಮೂಕವಾದಾಗ ಸಂದೇಶದ ಕಾವಲು

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಮಳೆಗಾಲದ ಪೂರ್ವಸಿದ್ಧತೆ ಕುರಿತು ಏರ್ಪಡಿಸಿದ್ದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಇಂದು ನನಗೆ ವಹಿಸಿರುವ ವಿಷಯದ ಹೆಸರು ಕೇಳಲು ತುಸು ಭಾರವಾಗಿದೆ: ಚಲನಶೀಲ ತಾತ್ಕಾಲಿಕ ನಿಸ್ತಂತು ಜಾಲಗಳಲ್ಲಿ ಸಂದೇಶಗಳ ಸುರಕ್ಷತೆ. ಒಳಗೆ ಬರುವಾಗ ಹಿರಿಯ ಸದಸ್ಯರೊಬ್ಬರು ನನ್ನನ್ನು ಬಾಗಿಲಲ್ಲಿಯೇ ತಡೆದು, "ಸರ್, ಇದು ನಮ್ಮ ಪಂಚಾಯತಿಗೆ ಯಾವ ಲೆಕ್ಕ ಶೀರ್ಷಿಕೆಯಡಿ ಬರುತ್ತದೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಮಹಾಪೂರ ಎಂಬ ಶೀರ್ಷಿಕೆಯಡಿ ಬರುತ್ತದೆ ಎಂದು ಅವರಿಗೆ ಹೇಳಿದೆ. ತಮಗೂ ಅದನ್ನೇ ಹೇಳಿ ಆರಂಭಿಸುತ್ತೇನೆ.

2005, 2019, 2021. ಈ ಮೂರು ಇಸವಿಗಳನ್ನು ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ. ವೇದಗಂಗೆ ದೂಧಗಂಗೆಯನ್ನು ಸೇರಿ, ದೂಧಗಂಗೆ ಕಲ್ಲೋಳದ ಬಳಿ ಕೃಷ್ಣೆಯನ್ನು ಸೇರಿ, ಮೇಲಿನಿಂದ ಕೊಯ್ನಾದ ನೀರೂ ಬಂದು ಕೂಡಿದಾಗ ಯಡೂರು, ಮಾಂಜರಿ, ಅಂಕಲಿ, ಕುಡಚಿ, ಉಗಾರ, ಜುಗುಳ, ಮಂಗಾವತಿಗಳಲ್ಲಿ ಏನಾಗುತ್ತದೆಂಬುದನ್ನು ತಾವು ಕಣ್ಣಾರೆ ಕಂಡವರು. ಸೇತುವೆಗಳು ಮುಳುಗುತ್ತವೆ. ಅಪಾಯವಾಗಬಾರದೆಂದು ಹೆಸ್ಕಾಂನವರು ವಿದ್ಯುತ್ ಪೂರೈಕೆಯನ್ನು ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ಮೊಬೈಲ್ ಟವರು ಕೆಲವು ಗಂಟೆ ತನ್ನ ಬ್ಯಾಟರಿಯ ಮೇಲೆ ಉಸಿರಾಡಿ, ಡೀಸೆಲ್ ಮುಟ್ಟಿಸಲು ದಾರಿಯಿಲ್ಲದೆ ಮೂಕವಾಗುತ್ತದೆ. ಸುದ್ದಿಯ ಅವಶ್ಯಕತೆ ಅತ್ಯಂತ ಹೆಚ್ಚಾಗಿರುವ ಹೊತ್ತಿನಲ್ಲಿಯೇ ಸುದ್ದಿಯ ದಾರಿ ಮುಚ್ಚುತ್ತದೆ.

2019ರ ಆಗಸ್ಟ್ ತಿಂಗಳಲ್ಲಿ ನಾನು ಕೃಷ್ಣಾ ತೀರದ ಒಂದು ಊರಿನ ಶಾಲೆಯಲ್ಲಿ ತೆರೆದಿದ್ದ ಪರಿಹಾರ ಕೇಂದ್ರದಲ್ಲಿ ಸ್ವಯಂಸೇವಕನಾಗಿದ್ದೆ. ಊರಿನ ಹೆಸರು ಬೇಡ. ಎರಡನೆಯ ದಿನ ಟವರು ನಿಂತಿತು. ಆ ಸಂಜೆ ಒಂದು ಧ್ವನಿಮುದ್ರಿಕೆ ಕೈಯಿಂದ ಕೈಗೆ ಹರಿದಾಡತೊಡಗಿತು. ಇಂಟರ್‌ನೆಟ್ ಇರಲಿಲ್ಲ, ಹಾಡು, ಚಿತ್ರಗಳನ್ನು ಫೋನಿನಿಂದ ಫೋನಿಗೆ ದಾಟಿಸುವ ಆ್ಯಪ್ ಇತ್ತಲ್ಲ, ಅದರ ಮೂಲಕ. ಮೇಲಿನ ಅಣೆಕಟ್ಟಿನ ಬಾಗಿಲುಗಳನ್ನೆಲ್ಲ ತೆರೆದಿದ್ದಾರೆ, ಮಧ್ಯರಾತ್ರಿಯೊಳಗೆ ಶಾಲೆಯೂ ಮುಳುಗುತ್ತದೆ ಎಂಬುದು ಅದರ ಸಾರಾಂಶ. ಮಾತನಾಡಿದವರು ಯಾರು, ಯಾವ ದಿನ, ಯಾವ ನದಿಯ ಬಗ್ಗೆ ಎಂಬುದು ಅದರಲ್ಲಿರಲಿಲ್ಲ. ಸುರಿಯುವ ಮಳೆಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಅರ್ಧಕ್ಕರ್ಧ ಜನ ಹೊರಟರು; ಹತ್ತುವ ಗದ್ದಲದಲ್ಲಿ ಒಬ್ಬ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬೆಳಗಾದಾಗ ನೀರು ಶಾಲೆಯ ಕಟ್ಟೆಯಿಂದ ಬಹಳ ಕೆಳಗೇ ಇತ್ತು. ಎರಡು ದಿನಗಳ ನಂತರ ನಿಜವಾದ ಎಚ್ಚರಿಕೆ ಬಂದಿತು. ತಗ್ಗಿನ ಓಣಿಯ ದನಗಳನ್ನು ಕೂಡಲೇ ಬಿಚ್ಚಿ ಮೇಲಕ್ಕೆ ಹೊಡೆಯಿರಿ ಎಂಬ ಎಚ್ಚರಿಕೆ. ಆಗ ಯಾರೂ ನಂಬಲಿಲ್ಲ. ಎಷ್ಟು ಕೊಟ್ಟಿಗೆಗಳಲ್ಲಿ ದನಗಳು ಕಟ್ಟಿದ ಹಗ್ಗದಲ್ಲಿಯೇ ಸತ್ತವು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಆ ಸಂಜೆ ಆ ಧ್ವನಿಮುದ್ರಿಕೆಯನ್ನು ಮೂವರ ಫೋನಿಗೆ ದಾಟಿಸಿದವರಲ್ಲಿ ನಾನೂ ಒಬ್ಬ. ವೃತ್ತಿಯಿಂದ ನಾನು ಸಂಪರ್ಕ ತಂತ್ರಜ್ಞಾನವನ್ನು ಪಾಠ ಹೇಳುವವನು.

ಆ ಸಂಜೆ ಆ ಶಾಲೆಯ ಅಂಗಳದಲ್ಲಿ, ನಮಗೆ ಅರಿವಿಲ್ಲದೆಯೇ, ಒಂದು ತಾತ್ಕಾಲಿಕ ಜಾಲ ರೂಪುಗೊಂಡಿತ್ತು. ಟವರು, ತಂತಿ, ಮಧ್ಯದ ಕಚೇರಿ ಯಾವುದೂ ಇಲ್ಲದೆ, ಹತ್ತಿರ ಬಂದ ಸಾಧನಗಳು ಪರಸ್ಪರ ಕೈಕೊಟ್ಟು ಕಟ್ಟಿಕೊಳ್ಳುವ ಜಾಲವನ್ನೇ ಈ ಹೆಸರಿನಿಂದ ಕರೆಯುತ್ತಾರೆ. ಅಲ್ಲಿ ಪ್ರತಿಯೊಂದು ಫೋನೂ ಏಕಕಾಲದಲ್ಲಿ ಪತ್ರ ಬರೆಯುವವನೂ ಹೌದು, ಅಂಚೆಯವನೂ ಹೌದು. ಜನ ನಡೆದಾಡಿದಂತೆ ಜಾಲದ ಆಕಾರವೂ ಬದಲಾಗುತ್ತದೆ. ಅಮೆರಿಕದ ರಕ್ಷಣಾ ಇಲಾಖೆ 1970ರ ದಶಕದಲ್ಲಿ ಯುದ್ಧಭೂಮಿಗಾಗಿ ಇದರ ಪ್ರಯೋಗ ಆರಂಭಿಸಿತು. ಆದರೆ ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ನಮಗೆ ಹೊಸದಲ್ಲ. ನಮ್ಮ ಊರುಗಳ ವಾಲಿಕಾರ ಮಾಡುತ್ತಿದ್ದುದು ಇದನ್ನೇ. ಒಂದು ಊರಿನ ವಾಲಿಕಾರ ಕಾಗದವನ್ನು ಮುಂದಿನ ಊರಿನ ವಾಲಿಕಾರನ ಕೈಗೆ ಕೊಡುತ್ತಿದ್ದ. ಅವನು ಅದರ ಮುಂದಿನವನಿಗೆ. ಆ ಕಾಗದದ ಮೇಲೆ ಅರಗಿನ ಮುದ್ರೆ ಇರುತ್ತಿತ್ತು. ನಮ್ಮ ಶಾಲೆಯ ಅಂಗಳದ ವಾಲಿಕಾರರ ಕೈಯಲ್ಲಿ ಮುದ್ರೆಯಿಲ್ಲದ ಕಾಗದವಿತ್ತು. ಅಂದಿನ ಅನಾಹುತದ ಮೂಲ ಅಲ್ಲಿದೆ.

ಕರ್ನಾಟಕದ್ದೇ ಆದ ಒಂದು ಉದಾಹರಣೆಯನ್ನು ಇಲ್ಲಿ ಹೇಳಬೇಕು. ಸುಮಾರು ಎರಡು ದಶಕಗಳ ಹಿಂದೆ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಡಾಕ್‌ನೆಟ್ ಎಂಬ ಪ್ರಯೋಗ ನಡೆಯಿತು. 2004ರ ಜನವರಿಯಲ್ಲಿ ಅದರ ವಿವರ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಇಂಟರ್‌ನೆಟ್ ಇಲ್ಲದ ಹಳ್ಳಿಗಳಲ್ಲಿ ಭೂಮಿ ಯೋಜನೆಯ ಸೇವೆಗಾಗಿ ಕಂಪ್ಯೂಟರುಗಳಿದ್ದವು. ಬಸ್ಸಿನಲ್ಲಿ ಒಂದು ವೈ-ಫೈ ಪೆಟ್ಟಿಗೆಯನ್ನು ಇಟ್ಟಿದ್ದರು. ಬಸ್ಸು ಊರಿಗೆ ಬಂದಾಗ ಪಹಣಿಯ ಅರ್ಜಿಗಳು, ನಾವು ಉತಾರ ಎನ್ನುತ್ತೇವಲ್ಲ ಅದರವು, ಗಾಳಿಯಲ್ಲಿಯೇ ಪೆಟ್ಟಿಗೆಗೆ ಏರುತ್ತಿದ್ದವು. ಬಸ್ಸು ತಾಲ್ಲೂಕಿಗೆ ಮುಟ್ಟಿದಾಗ ಅಲ್ಲಿ ಇಳಿಯುತ್ತಿದ್ದವು. ಜಾಲ ಎಂದರೆ ಸದಾ ಜೋಡಿಸಿರುವ ತಂತಿಯೇ ಆಗಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ತಿಳಿಯದು. ಪೂರದ ಕಾಲದಲ್ಲಿ ಬಸ್ಸಿನ ಬದಲು ರಕ್ಷಣಾ ದಳದ ಬೋಟು ಇರುತ್ತದೆ. ನಡುಗಡ್ಡೆಯಾದ ಊರಿನ ಸಂದೇಶಗಳನ್ನು ಬೋಟಿನವನ ಫೋನು ಹೊತ್ತು ತಂದು ದಡದಲ್ಲಿ ಇಳಿಸಬಹುದು. ಆಗ ಏಳುವ ಪ್ರಶ್ನೆ ಒಂದೇ: ಹೊತ್ತು ತರುವವನು ಒಳಗಿನದನ್ನು ಓದಬಹುದೇ, ತಿದ್ದಬಹುದೇ?

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕಾಗಿದೆ. ಸುರಕ್ಷತೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗುಟ್ಟು. ಆದರೆ ಪೂರದ ಎಚ್ಚರಿಕೆ ಗುಟ್ಟಾಗಿರಬೇಕಾದ ಸಂಗತಿಯೇ ಅಲ್ಲ, ಡಂಗುರ ಸಾರಬೇಕಾದದ್ದು. ಅದಕ್ಕೆ ಬೇಕಾದುದು ಖಚಿತತೆ: ಇದನ್ನು ತಹಶೀಲ್ದಾರರೇ ಕಳುಹಿಸಿದರೆ, ನಡುವೆ ಯಾರೂ ಒಂದಕ್ಷರ ಬದಲಿಸಿಲ್ಲವೆ, ಇದು ಇಂದಿನದೇ? ಗುಟ್ಟು ಬೇಕಾದವು ಬೇರೆ ಇವೆ. 2019ರಲ್ಲಿ ಸಂತ್ರಸ್ತ ಕುಟುಂಬಗಳಿಗೆ ತಕ್ಷಣದ ಪರಿಹಾರವಾಗಿ ತಲಾ 10,000 ರೂಪಾಯಿ ಕೊಡುವಾಗ ನಾವು ತಯಾರಿಸಿದ ಪಟ್ಟಿಗಳಲ್ಲಿ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ ಎಲ್ಲವೂ ಇದ್ದವು. ಅಂಥ ಪಟ್ಟಿಯ ಫೋಟೋ ತೆಗೆದು ಹತ್ತು ಜನರಿರುವ ಗುಂಪಿಗೆ ಹಾಕುವುದು ನಮಗೆ ಸಹಜವಾಗಿಬಿಟ್ಟಿದೆ. ಯಾವ ಮನೆಗಳು ಖಾಲಿಯಾಗಿವೆ ಎಂಬ ಪಟ್ಟಿ ಕಳ್ಳನಿಗೆ ವಿಳಾಸದ ಪುಸ್ತಕ. ಬಾಣಂತಿ ಎಲ್ಲಿದ್ದಾಳೆ, ಯಾರಿಗೆ ಯಾವ ಕಾಯಿಲೆಯ ಔಷಧಿ ಬೇಕು ಎಂಬುದೂ ಊರಿನವರೆಲ್ಲ ಓದಬೇಕಾದುದಲ್ಲ.

ಈ ಭೇದವನ್ನು ಹ್ಯಾಮ್ ರೇಡಿಯೊದವರು ಚೆನ್ನಾಗಿ ಬಲ್ಲರು. ಹವ್ಯಾಸಿ ರೇಡಿಯೊ ನಿಯಮಗಳ ಪ್ರಕಾರ ಅವರು ಗುಪ್ತ ಸಂಕೇತ ಬಳಸುವಂತಿಲ್ಲ, ಸರಳ ಭಾಷೆಯಲ್ಲಿಯೇ ಮಾತನಾಡಬೇಕು. ಆದಕಾರಣ ಎಚ್ಚರಿಕೆ ಕಳುಹಿಸಲು ಹ್ಯಾಮ್ ಉತ್ತಮ ಸಾಧನ; ಖಾತೆ ಸಂಖ್ಯೆ ಕಳುಹಿಸಲು ಖಂಡಿತ ಅಲ್ಲ.

ಖಚಿತತೆಗೆ ಉಪಾಯ ಡಿಜಿಟಲ್ ಸಹಿ. ಇದು ತಮಗೆ ಅಪರಿಚಿತವಲ್ಲ. ಪಂಚಾಯತಿಯ ಹಣ ಪಾವತಿಗೆ ಅಧ್ಯಕ್ಷರ ಹಾಗೂ ಅಭಿವೃದ್ಧಿ ಅಧಿಕಾರಿಗಳ ಡೋಂಗಲ್ ಬೇಕೆಂಬುದು ಎಲ್ಲರಿಗೂ ಗೊತ್ತು. ಅದರೊಳಗಿರುವುದೇ ಸಹಿ ಮಾಡುವ ಕೀಲಿಕೈ. ಇದರ ಹಿಂದಿರುವ ಗಣಿತದ ಮೂಲ ಆಲೋಚನೆಯನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬಿಬ್ಬರು ಪ್ರಕಟಿಸಿದರು. ಕೀಲಿಕೈಗಳು ಜೋಡಿಯಾಗಿರುತ್ತವೆ: ಒಂದು ಸಹಿ ಮಾಡುವುದು, ಒಬ್ಬರಲ್ಲಿ ಮಾತ್ರ, ಇನ್ನೊಂದು ಸಹಿಯನ್ನು ಪರಿಶೀಲಿಸುವುದು, ಊರಿಗೆಲ್ಲ ಹಂಚಬಹುದಾದುದು. ಪರಿಶೀಲಿಸುವ ಕೀಲಿಕೈ ಕೈಗೆ ಸಿಕ್ಕಿತೆಂದು ಯಾರೂ ಸಹಿ ಮಾಡಲಾರರು. ಸಂದೇಶದ ಒಂದು ಅಂಕಿ ಬದಲಾದರೂ ಸಹಿ ಹೊಂದುವುದಿಲ್ಲ. ಅದು ಎಷ್ಟು ಕೈ ದಾಟಿ ಬಂದಿದೆ, ಆ ಕೈಗಳು ಎಂಥವು ಎಂಬ ಚಿಂತೆಯೇ ಬೇಡ. ಮುದ್ರೆ ಒಡೆದಿಲ್ಲವೆಂದರೆ ಕಾಗದ ಸರಿ. ಪ್ರಸಂಗವಶಾತ್ ಒಂದು ಮಾತು. ಈ ಡೋಂಗಲ್ ಅಧ್ಯಕ್ಷರ ಬಳಿ ಇರದೆ ಇನ್ನಾರದೋ ಮೇಜಿನ ಡ್ರಾವರಿನಲ್ಲಿ, ಪಾಸ್‌ವರ್ಡ್ ಬರೆದ ಚೀಟಿಯೊಡನೆ ಇರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಅಲ್ಲಿ ಸಹಿ ಮಾಡುತ್ತಿರುವವರು ಅಧ್ಯಕ್ಷರಲ್ಲ, ಡ್ರಾವರು. ವಿಶೇಷವಾಗಿ ಮಹಿಳಾ ಅಧ್ಯಕ್ಷರು ಇದನ್ನು ತಮ್ಮ ಕೈಗೇ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತೇನೆ.

ನಮ್ಮ ಗಡಿಭಾಗಕ್ಕೆ ವಿಶಿಷ್ಟವಾದ ಒಂದು ತೊಡಕನ್ನು ಇಲ್ಲಿ ಗಮನಿಸಬೇಕು. ನಿಪ್ಪಾಣಿಯಲ್ಲಾಗಲಿ ಕಾಗವಾಡದಲ್ಲಾಗಲಿ ಒಂದೇ ಓಣಿಯಲ್ಲಿ ಕನ್ನಡ ಓದುವವರೂ ಮರಾಠಿ ಓದುವವರೂ ಇರುತ್ತಾರೆ. ತಹಶೀಲ್ದಾರರ ಕನ್ನಡ ಸಂದೇಶವನ್ನು ಒಬ್ಬ ಒಳ್ಳೆಯ ಯುವಕ ನಡುದಾರಿಯಲ್ಲಿ ಮರಾಠಿಗೆ ಅನುವಾದಿಸಿ ಮುಂದೆ ಕಳುಹಿಸಿದನೆನ್ನಿ. ಅವನ ಉದ್ದೇಶ ಸಾಧುವಾದುದು. ಆದರೆ ಮುದ್ರೆ ಒಡೆಯಿತು. ಅದು ಈಗ ತಹಶೀಲ್ದಾರರ ಮಾತಲ್ಲ, ಆ ಯುವಕನ ಮಾತು. ಆದುದರಿಂದ ಸಂದೇಶ ಹೊರಡುವ ಜಾಗದಲ್ಲಿಯೇ ಎರಡೂ ಭಾಷೆಗಳಲ್ಲಿ ಬರೆದು ಎರಡಕ್ಕೂ ಒಂದೇ ಸಹಿ ಹಾಕಬೇಕು. ಇದು ತಂತ್ರಜ್ಞಾನದ ಪುಸ್ತಕಗಳಲ್ಲಿ ಸಿಗುವ ಸಲಹೆಯಲ್ಲ, ಇಲ್ಲಿ ಬದುಕುವವರಿಗೆ ಹೊಳೆಯುವಂಥದು.

ಭಾಷೆಯ ಮಾತು ಬಂದುದರಿಂದ ಇನ್ನೊಂದು. ನಮ್ಮ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಕಾಗದಗಳಿವೆ. ಓದಬಲ್ಲವರು ವಿರಳವಾದ್ದರಿಂದ ಅವು ಗುಪ್ತ ಲಿಪಿಯಂತೆ ತೋರುತ್ತವೆ. ಆದರೆ ಮೋಡಿ ಕಲಿತವನು ಎಲ್ಲವನ್ನೂ ಓದುತ್ತಾನೆ. ತನ್ನ ವಿಧಾನವನ್ನು ಮುಚ್ಚಿಟ್ಟು ಸುರಕ್ಷಿತವೆನಿಸಿಕೊಳ್ಳುವ ಆ್ಯಪ್‌ಗಳೂ ಇದೇ ಜಾತಿಯವು. ವಿಧಾನ ಎಲ್ಲರಿಗೂ ತಿಳಿದಿದ್ದು, ಕೀಲಿಕೈ ಮಾತ್ರ ಗುಟ್ಟಾಗಿದ್ದರೂ ಒಡೆಯಲಾಗದಂತಿರಬೇಕು ಎಂದು ಕೆರ್ಕಾಫ್ಸ್ ಎಂಬ ಡಚ್ ವಿದ್ವಾಂಸ 1883ರಲ್ಲಿಯೇ ಹೇಳಿದ್ದಾನೆ.

ಸಹಿ ಸರಿಯಾಗಿದ್ದರೂ ಮೋಸ ಸಾಧ್ಯ. ನಿನ್ನೆ ಬೆಳಿಗ್ಗೆ ರಾಜಾಪುರ ಬ್ಯಾರೇಜಿನ ಹೊರಹರಿವಿನ ಬಗ್ಗೆ ಅಧಿಕೃತ ಸಂದೇಶ ಬಂದಿತ್ತೆನ್ನಿ. ಅದನ್ನು ಇಟ್ಟುಕೊಂಡ ಒಬ್ಬನು ಇಂದು ರಾತ್ರಿ ಮತ್ತೆ ಹರಿಯಬಿಡುತ್ತಾನೆ. ಸಹಿ ನಿಜ, ಅಂಕಿ ನಿಜ, ಆದರೆ ದಿನ ಬೇರೆ. ಇದಕ್ಕೆ ಮರುಬಿತ್ತರಣೆಯ ದಾಳಿ ಎನ್ನುತ್ತಾರೆ. ಇದನ್ನು ತಡೆಯಲು ವಿಜ್ಞಾನಿಗಳು ಕಂಡುಕೊಂಡ ಉಪಾಯ ನಮ್ಮ ಪಂಚಾಯತಿ ಕಚೇರಿಯ ಕಪಾಟಿನಲ್ಲಿ ಮೊದಲಿನಿಂದಲೂ ಇದೆ: ಜಾವಕ ವಹಿ. ಪ್ರತಿಯೊಂದು ಸಂದೇಶಕ್ಕೂ ಜಾವಕ ಸಂಖ್ಯೆ, ದಿನಾಂಕ, ವೇಳೆ; ಇವು ಸಂದೇಶದ ಹೊರಗಲ್ಲ, ಸಹಿಯ ಒಳಗೇ ಸೇರಿರಬೇಕು. 41ನೆಯ ಸಂದೇಶ ಬಂದ ಮೇಲೆ 38 ಮತ್ತೆ ಬಂದರೆ ಫೋನು ತಾನಾಗಿಯೇ ಅದನ್ನು ಬದಿಗಿಡುತ್ತದೆ. 39 ಬಾರದೆ 40 ಬಂದರೆ ನಡುವೆ ಒಂದು ಕಳೆದಿದೆಯೆಂದು ಕೇಳಿ ಪಡೆಯುತ್ತದೆ. 2019ರ ಆ ಧ್ವನಿಮುದ್ರಿಕೆಗೆ ಜಾವಕ ಸಂಖ್ಯೆಯೊಂದಿದ್ದರೆ ಆ ಅಜ್ಜಿ ಅಂದು ಟ್ರೇಲರ್ ಹತ್ತುತ್ತಿರಲಿಲ್ಲ.

ಇನ್ನು ದಾರಿಯ ಮೇಲಿನ ಕಳ್ಳರು. ಇಂಥ ಜಾಲದಲ್ಲಿ ದಾರಿ ಮೊದಲೇ ನಿಶ್ಚಯವಾಗಿರುವುದಿಲ್ಲ. ನನ್ನ ಫೋನು ಸುತ್ತಲಿನವುಗಳನ್ನು ಕೇಳುತ್ತದೆ: ಕುಡಚಿಯವರೆಗೆ ದಾರಿ ಯಾರಿಗೆ ಗೊತ್ತು? ಬಲ್ಲದ್ದು ಉತ್ತರಿಸುತ್ತದೆ. 2003ರಲ್ಲಿ ಅಂತರರಾಷ್ಟ್ರೀಯ ದಾಖಲೆಯಾಗಿ ಪ್ರಕಟವಾದ ಒಂದು ಪ್ರಸಿದ್ಧ ವಿಧಾನ ಹೀಗೆಯೇ ಕೆಲಸ ಮಾಡುತ್ತದೆ. ಅದರಲ್ಲಿ ಒಂದು ದುಷ್ಟ ಸಾಧನ, "ನನ್ನ ಮೂಲಕ ಬನ್ನಿ, ಕುಡಚಿ ನನ್ನ ಪಕ್ಕದಲ್ಲಿಯೇ ಇದೆ" ಎಂದು ಸುಳ್ಳು ಹೇಳಿ ಎಲ್ಲರ ಸಂದೇಶಗಳನ್ನೂ ತನ್ನತ್ತ ಸೆಳೆದು ನುಂಗಿಬಿಡಬಹುದು. ಇದಕ್ಕೆ ಕಪ್ಪುಕುಳಿ ಎಂದು ಹೆಸರು. ದೂರದೂರದ ಎರಡು ಸಾಧನಗಳು ಒಳಗೊಳಗೇ ಸಂಪರ್ಕವಿಟ್ಟುಕೊಂಡು ತಾವು ನೆರೆಹೊರೆಯವೆಂದು ನಂಬಿಸುವುದೂ ಉಂಟು. ಒಬ್ಬನೇ ನೂರು ಹೆಸರಿನಲ್ಲಿ ಕಾಣಿಸಿಕೊಂಡು ಬಹುಮತ ತನ್ನದೆಂದು ತೋರಿಸುವುದೂ ಉಂಟು. ಖೊಟ್ಟಿ ಮತದಾನ, ಖೊಟ್ಟಿ ಜಾಬ್ ಕಾರ್ಡ್ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2000ದ ಇಸವಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಕಾವಲುನಾಯಿಯ ವಿಧಾನವನ್ನು ಸೂಚಿಸಿದರು. ರೇಡಿಯೊ ತರಂಗ ಎಲ್ಲರಿಗೂ ಕೇಳಿಸುವುದರಿಂದ, ನಾನು ಪಕ್ಕದ ಫೋನಿಗೆ ಕೊಟ್ಟ ಸಂದೇಶವನ್ನು ಅದು ಮುಂದಕ್ಕೆ ಕಳುಹಿಸಿತೇ ಎಂದು ನನ್ನ ಫೋನು ಕಿವಿಗೊಟ್ಟು ಕೇಳಬಹುದು. ಕಳುಹಿಸದಿದ್ದರೆ ಅದರ ಹೆಸರಿನ ಮುಂದೆ ಒಂದು ಗುರುತು ಹಾಕಬಹುದು. ಉಪಾಯ ಚೆನ್ನಾಗಿದೆ, ಆದರೆ ಪೂರದ ರಾತ್ರಿಯಲ್ಲಿ ಇದನ್ನು ಬಹಳ ನಂಬಬಾರದೆಂಬುದು ನನ್ನ ಅಭಿಪ್ರಾಯ. ಬ್ಯಾಟರಿ ಮುಗಿಯುತ್ತ ಬಂದ ಪ್ರಾಮಾಣಿಕನ ಫೋನೂ ಸಂದೇಶ ದಾಟಿಸುವುದಿಲ್ಲ. ಅವನನ್ನು ದ್ರೋಹಿಯೆಂದು ಬರೆದಿಡುವ ಜಾಲ ನಮಗೆ ಬೇಡ. ಅದಕ್ಕಿಂತ ಒಂದೇ ಸಂದೇಶವನ್ನು ಎರಡು ಮೂರು ದಾರಿಗಳಲ್ಲಿ ಕಳುಹಿಸುವುದು ಲೇಸು.

ಬ್ಯಾಟರಿಯ ಮಾತು ಹಗುರವಾದುದಲ್ಲ. 1999ರಲ್ಲಿ ಕೇಂಬ್ರಿಜ್‌ನ ಸ್ಟಾಜಾನೋ ಮತ್ತು ಆ್ಯಂಡರ್ಸನ್ ಎಂಬಿಬ್ಬರು, ಸಾಧನವನ್ನು ಮಲಗಲು ಬಿಡದೆ ಮೇಲಿಂದ ಮೇಲೆ ಪ್ರಶ್ನೆ ಕೇಳಿ ಕೇಳಿ ಅದರ ಬ್ಯಾಟರಿಯನ್ನು ಬರಿದು ಮಾಡುವ ದಾಳಿಯನ್ನು ವಿವರಿಸಿ ಅದಕ್ಕೆ ನಿದ್ದೆಗೆಡಿಸುವ ಚಿತ್ರಹಿಂಸೆ ಎಂದು ಹೆಸರಿಟ್ಟರು. ಕರೆಂಟು ಇಲ್ಲದ ಪರಿಹಾರ ಕೇಂದ್ರದಲ್ಲಿ ಶತ್ರು ಬೇಡ, ಶುಭರಾತ್ರಿಯ ಚಿತ್ರ ಹಂಚುವ ಮಿತ್ರರೇ ಈ ಹಿಂಸೆಗೆ ಸಾಕು. ಆದ್ದರಿಂದ ದೃಶ್ಯ, ಧ್ವನಿ, ಚಿತ್ರ ಯಾವುದೂ ಇಲ್ಲದೆ ಅಕ್ಷರಗಳು ಮಾತ್ರ ಎಂಬ ನಿಯಮ ಅಗತ್ಯ.

ಅದೇ ಇಬ್ಬರು ಇನ್ನೊಂದು ಮಾತನ್ನೂ ಹೇಳಿದರು. ಬಾತುಕೋಳಿಯ ಮರಿ ಮೊಟ್ಟೆಯೊಡೆದು ಬಂದಾಗ ಮೊದಲು ಯಾವುದನ್ನು ಕಾಣುತ್ತದೆಯೋ ಅದನ್ನೇ ತಾಯಿಯೆಂದು ತಿಳಿದು ಹಿಂಬಾಲಿಸುತ್ತದೆ. ಸಾಧನವೂ ಹಾಗೆ: ಮೊದಲ ಸಲ ಮುಖಾಮುಖಿಯಾಗಿ ಮುಟ್ಟಿಸಿ ಯಾರ ಕೀಲಿಕೈಯನ್ನು ಕೊಡುತ್ತೇವೆಯೋ ಅವರನ್ನೇ ಅದು ನಂಬಬೇಕು. ಇದರ ಅರ್ಥ ನಮಗೆ ಬಹಳ ಸರಳ. ತಹಶೀಲ್ದಾರರ ಪರಿಶೀಲನೆಯ ಕೀಲಿಕೈ ತಮ್ಮ ಫೋನಿಗೆ ಬರಬೇಕಾದುದು ಆಗಸ್ಟ್ ತಿಂಗಳ ಕತ್ತಲೆಯಲ್ಲಿ ಗಾಳಿಯ ಮೂಲಕ ಅಲ್ಲ. ಆಗ ಬಂದುದು ಯಾರದೆಂದು ಹೇಗೆ ತಿಳಿಯುವುದು? ಮೇ ತಿಂಗಳಲ್ಲಿಯೇ ಎದುರುಬದುರು ಕುಳಿತು, ಕ್ಯೂಆರ್ ಚಿತ್ರವನ್ನು ಫೋನಿಗೆ ತೋರಿಸಿ ಪಡೆದಿಟ್ಟುಕೊಳ್ಳಬೇಕು.

ಆದರೆ ಸಹಿ ಮಾಡುವ ಕೀಲಿಕೈ ಒಬ್ಬರಲ್ಲಿಯೇ ಇದ್ದು, ಅವರು ಇರುವ ಕಡೆಯೇ ನೀರು ಸುತ್ತುವರಿದರೆ? ಅಥವಾ ಆ ಒಂದು ಕೀಲಿಕೈ ಕಳವಾದರೆ? ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಎರಡು ನಿಮಿಷ ಹೆಚ್ಚು ತೆಗೆದುಕೊಂಡರೆ ಕ್ಷಮಿಸಬೇಕು. 1979ರಲ್ಲಿ ಆದಿ ಶಮೀರ್ ಎಂಬ ಗಣಿತಜ್ಞ ಒಂದು ಗುಟ್ಟನ್ನು ಹಲವರಲ್ಲಿ ಹಂಚುವ ಬಗೆಯನ್ನು ತೋರಿಸಿದ. ಗುಟ್ಟಿನ ಅಂಕಿ 7 ಎಂದಿಟ್ಟುಕೊಳ್ಳಿ. ಹೆಜ್ಜೆಯ ಅಂಕಿ 3. ಚಿಕ್ಕೋಡಿಗೆ ಒಂದು ಹೆಜ್ಜೆ ಕೂಡಿಸಿ 10 ಕೊಡೋಣ, ನಿಪ್ಪಾಣಿಗೆ ಎರಡು ಹೆಜ್ಜೆ, 13, ರಾಯಬಾಗಕ್ಕೆ 16, ಅಥಣಿಗೆ 19, ಕಾಗವಾಡಕ್ಕೆ ಐದು ಹೆಜ್ಜೆ, 22. ಅನಂತರ 7 ಮತ್ತು 3 ಬರೆದ ಚೀಟಿಯನ್ನು ಸುಟ್ಟುಬಿಡೋಣ. ಈಗ ಚಿಕ್ಕೋಡಿಯವರು ತಮ್ಮ 10ನ್ನು ಎಷ್ಟು ಹೊತ್ತು ನೋಡಿದರೂ ಗುಟ್ಟು ತಿಳಿಯದು, ಏಕೆಂದರೆ ಹೆಜ್ಜೆ ಎಷ್ಟೆಂದು ಅವರಿಗೆ ಗೊತ್ತಿಲ್ಲ. ಆದರೆ ಎರಡನೆಯವರಾದ ನಿಪ್ಪಾಣಿಯವರೂ ಐದನೆಯವರಾದ ಕಾಗವಾಡದವರೂ ಕೂಡಿದರೆನ್ನಿ. 22ರಲ್ಲಿ 13 ಕಳೆದರೆ 9, ನಡುವೆ ಮೂರು ಹೆಜ್ಜೆ, ಹೆಜ್ಜೆಗೆ 3. ನಿಪ್ಪಾಣಿಯ 13ರಿಂದ ಎರಡು ಹೆಜ್ಜೆ ಹಿಂದಕ್ಕೆ ಬಂದರೆ 7. ಯಾವ ಇಬ್ಬರು ಕೂಡಿದರೂ ಇದೇ ಉತ್ತರ. ಹೆಜ್ಜೆಯ ಗಾತ್ರವನ್ನೂ ಪ್ರತಿ ಸಲ ಒಂದೇ ಪ್ರಮಾಣದಲ್ಲಿ ಬೆಳೆಯುವಂತೆ ಮಾಡಿದರೆ ಇಬ್ಬರು ಸಾಲುವುದಿಲ್ಲ, ಮೂವರು ಬೇಕು. ಕಂಪ್ಯೂಟರುಗಳು ಬಳಸುವ ಅಂಕಿಗಳು ಬಹಳ ಉದ್ದವಾದವು, ಕೂಡಿಸುವ ರೀತಿಯೂ ಕೊಂಚ ಬೇರೆ. ತತ್ತ್ವ ಮಾತ್ರ ಇಷ್ಟೇ.

1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಝೌ ಮತ್ತು ಹಾಸ್ ಎಂಬ ಸಂಶೋಧಕರು ಈ ತತ್ತ್ವವನ್ನು ತಾತ್ಕಾಲಿಕ ಜಾಲಗಳಿಗೆ ಅನ್ವಯಿಸಿದರು. ಅವರ ವಿಧಾನದಲ್ಲಿ ತುಂಡುಗಳನ್ನು ಒಂದೆಡೆ ಜೋಡಿಸುವುದೂ ಇಲ್ಲ. ಪ್ರತಿಯೊಬ್ಬರೂ ತಮ್ಮ ತುಂಡಿನಿಂದ ಅರೆಸಹಿ ಮಾಡಿ ಕಳುಹಿಸುತ್ತಾರೆ, ಬೇಕಾದಷ್ಟು ಅರೆಸಹಿಗಳು ಸೇರಿದಾಗ ಪೂರ್ಣ ಸಹಿಯಾಗುತ್ತದೆ. ನಮ್ಮಲ್ಲಿ ಐದು ತಾಲ್ಲೂಕುಗಳಿವೆ. ಐವರಲ್ಲಿ ಯಾರಾದರೂ ಮೂವರ ಅರೆಸಹಿ ಇದ್ದರೆ ಮಾತ್ರ ಊರು ಬಿಡಿರಿ ಎಂಬ ಆದೇಶ ಸಿಂಧು ಎಂದು ಮಾಡಿದರೆ, ಅಥಣಿ ಕಾಗವಾಡಗಳು ಸಂಪರ್ಕ ಕಳೆದುಕೊಂಡರೂ ಉಳಿದ ಮೂವರು ಆದೇಶ ಹೊರಡಿಸಬಹುದು. ಇಬ್ಬರ ಫೋನು ಕಳವಾದರೂ ಕಳ್ಳನು ಸುಳ್ಳು ಆದೇಶ ಹೊರಡಿಸಲಾರ. ಅಧ್ಯಕ್ಷರು ಹಾಗೂ ಅಭಿವೃದ್ಧಿ ಅಧಿಕಾರಿಗಳ ಜಂಟಿ ಸಹಿಯಿಲ್ಲದೆ ಹಣ ಹೊರಡದು ಎಂಬ ನಮ್ಮ ಕ್ರಮಕ್ಕೆ ಇದು ದಾಯಾದಿ.

ಹಾಗಾದರೆ ಯಾವ ಆ್ಯಪ್ ಹಾಕಿಕೊಳ್ಳೋಣ ಎಂದು ತಾವು ಕೇಳುವಿರಿ. ಇಲ್ಲಿ ನಾನು ಉತ್ಸಾಹಕ್ಕಿಂತ ಎಚ್ಚರಿಕೆಯನ್ನೇ ಹೇಳಬೇಕಾಗಿದೆ. ಬ್ಲೂಟೂತ್ ಮೂಲಕ ಸಂದೇಶ ದಾಟಿಸುವ ಬ್ರಿಡ್ಜ್‌ಫೈ ಎಂಬ ಆ್ಯಪ್ ಹಾಂಗ್‌ಕಾಂಗ್ ಪ್ರತಿಭಟನೆಗಳ ಕಾಲದಲ್ಲಿ ಜಗತ್ಪ್ರಸಿದ್ಧವಾಯಿತು. 2020ರಲ್ಲಿ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು ಪರೀಕ್ಷಿಸಿದಾಗ, ಅದರಲ್ಲಿ ಒಬ್ಬನು ಇನ್ನೊಬ್ಬನ ಹೆಸರಿನಲ್ಲಿ ಸಂದೇಶ ಕಳುಹಿಸಬಹುದೆಂದೂ, ಗುಟ್ಟಿನ ಸಂದೇಶ ಓದಬಹುದೆಂದೂ, ಬಿಚ್ಚಿದಾಗ ಬೃಹತ್ತಾಗಿ ಉಬ್ಬುವ ಒಂದೇ ಒಂದು ಸಂದೇಶದಿಂದ ಇಡೀ ಜಾಲವನ್ನು ಕೆಡವಬಹುದೆಂದೂ ಕಂಡುಬಂದಿತು. ಕಂಪನಿಯವರು ಬೇರೆಯ, ಗಟ್ಟಿಯೆಂದು ಹೆಸರಾದ ಬೀಗವನ್ನು ತಂದು ಹಾಕಿದರು. 2022ರಲ್ಲಿ ಮತ್ತೆ ಪರೀಕ್ಷೆ, ಮತ್ತೆ ದೋಷಗಳು. ಬೀಗ ಗಟ್ಟಿಯಿದ್ದರೂ ಚೌಕಟ್ಟು ಸಡಿಲವಿತ್ತು. ಬ್ರಯರ್ ಎಂಬ ಇನ್ನೊಂದು ಆ್ಯಪ್ ಮುಖಾಮುಖಿ ಪರಿಚಯವನ್ನೇ ಆಧಾರವಾಗಿಟ್ಟುಕೊಂಡು ಶ್ರದ್ಧೆಯಿಂದ ರಚಿತವಾದುದು. ಆದರೆ 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 14 ಆ್ಯಪ್‌ಗಳಲ್ಲಿ ಅದೂ ಒಂದು. 2025ರ ಜುಲೈನಲ್ಲಿ ಬಂದ ಬಿಟ್‌ಚಾಟ್‌ಗೆ, ಇದರ ಸುರಕ್ಷತೆ ಹೊರಗಿನವರಿಂದ ಪರೀಕ್ಷೆಗೊಳಗಾಗಿಲ್ಲ ಎಂಬ ಎಚ್ಚರಿಕೆಯನ್ನು ಅದರ ಕರ್ತೃ ಜ್ಯಾಕ್ ಡಾರ್ಸಿಯವರೇ ಸೇರಿಸಬೇಕಾಯಿತು. ಆದಕಾರಣ ಜನಪ್ರತಿನಿಧಿಗಳಾದ ತಾವು ಜಿಲ್ಲಾಡಳಿತದ ಲಿಖಿತ ಒಪ್ಪಿಗೆಯಿಲ್ಲದೆ ಯಾವುದನ್ನೂ ಪಂಚಾಯತಿಯ ಹೆಸರಿನಲ್ಲಿ ಬಳಸತಕ್ಕದ್ದಲ್ಲ.

ದೂರದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಬ್ಲೂಟೂತ್ ಹತ್ತಾರು ಮೀಟರ್ ಮುಟ್ಟುತ್ತದೆ. ಫೋನಿನ ವೈ-ಫೈ ಬಯಲಿನಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಶಾಲೆಯ ಅಂಗಳಕ್ಕೆ ಇದು ಸಾಕು, ಊರಿಂದೂರಿಗೆ ಸಾಲದು. ಅದರಲ್ಲಿಯೂ ಆಗಸ್ಟ್ ತಿಂಗಳಲ್ಲಿ ಆಳೆತ್ತರ ಮೀರಿ ನಿಂತ ನಮ್ಮ ಹಸಿ ಕಬ್ಬು ಈ ತರಂಗಗಳನ್ನು ಕುಡಿದುಬಿಡುತ್ತದೆ. ಊರುಗಳ ನಡುವೆ ಬೇಕಾದುದು ಬೋಟು, ಹ್ಯಾಮ್, ಅಥವಾ ಲೈಸೆನ್ಸ್ ಅಗತ್ಯವಿಲ್ಲದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುವ, ಅನುಮೋದಿತ ಸಣ್ಣ ರೇಡಿಯೊ ಸಾಧನಗಳು. ಎತ್ತರದ ನೀರಿನ ಟ್ಯಾಂಕಿನ ಮೇಲೆ ಇಟ್ಟರೆ ಇವು ಕೆಲವು ಕಿಲೋಮೀಟರ್‌ವರೆಗೆ ಅಕ್ಷರಗಳನ್ನು ದಾಟಿಸಬಲ್ಲವು. ಟವರು ಜೀವಂತವಿರುವವರೆಗೆ ಸರ್ಕಾರದ ತುರ್ತು ಎಚ್ಚರಿಕೆಯ ವ್ಯವಸ್ಥೆಯೇ ಮೊದಲನೆಯದು. 2023ರ ಅಕ್ಟೋಬರ್‌ನಲ್ಲಿ ಎಲ್ಲರ ಫೋನುಗಳು ಏಕಕಾಲಕ್ಕೆ ಕಿರುಚಿಕೊಂಡ ಆ ಪರೀಕ್ಷೆ ತಮಗೆ ನೆನಪಿರಬಹುದು. ಮನೆಯಲ್ಲಿ ನಮ್ಮ ತಾಯಿ ಫೋನನ್ನು ಹಿಟ್ಟಿನ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದ್ದರು.

ನೀರು ಏರುವ ಮುನ್ನ ಪ್ರತಿ ನದಿತೀರದ ಪಂಚಾಯತಿಯಲ್ಲಿ ಆಗಬೇಕಾದ ಕೆಲಸಕ್ಕೆ ಹಣಕ್ಕಿಂತ ಸಮಯ ಬೇಕು. ಯಾರ ಸಂದೇಶವನ್ನು ಅಧಿಕೃತವೆಂದು ಸ್ವೀಕರಿಸಬೇಕೆಂಬುದನ್ನು ಸಭೆಯಲ್ಲಿ ಠರಾವು ಮಾಡಿ, ಸೂಚನಾ ಫಲಕದಲ್ಲಿ ಹೆಸರುಗಳನ್ನು ಅಂಟಿಸಿರಿ. ತಂತ್ರಜ್ಞಾನ ಬರುವವರೆಗೂ ಕಾಯಬೇಕಾಗಿಲ್ಲ. ಪೂರಕ್ಕೆ ಸಂಬಂಧಿಸಿದ ಪ್ರತಿಯೊಂದು ಸಂದೇಶವೂ ಕಳುಹಿಸಿದವರ ಹೆಸರು, ಜಾವಕ ಸಂಖ್ಯೆ, ದಿನಾಂಕ, ವೇಳೆ ಹಾಗೂ ನದಿಯ ಹೆಸರಿನೊಂದಿಗೆ ಬರಬೇಕೆಂದು ಈ ತಿಂಗಳೇ ನಿಯಮ ಮಾಡಬಹುದು. ಇವಿಲ್ಲದ್ದನ್ನು ಮುಂದೆ ದಾಟಿಸಬಾರದು. ಸಂತ್ರಸ್ತರ ಪಟ್ಟಿಯನ್ನು ಫೋಟೋ ತೆಗೆದು ಗುಂಪಿಗೆ ಹಾಕುವುದನ್ನು ನಿಲ್ಲಿಸಿರಿ.

ಊಟದ ವಿರಾಮದ ನಂತರ ಪಕ್ಕದ ಕೊಠಡಿಯಲ್ಲಿ ಒಂದು ಸಣ್ಣ ಪ್ರಯೋಗವಿದೆ. ಐದು ತಾಲ್ಲೂಕುಗಳಿಂದ ಒಬ್ಬೊಬ್ಬರು ಸದಸ್ಯರು ಮುಂದೆ ಬರಬೇಕು. ಪ್ರತಿಯೊಬ್ಬರಿಗೂ ಒಂದೊಂದು ಅಂಕಿ ಬರೆದ ಚೀಟಿ ಕೊಡುತ್ತೇವೆ. ಯಾರಾದರೂ ಮೂವರು ಕೂಡಿ ಗುಟ್ಟಿನ ಅಂಕಿಯನ್ನು ಬಿಡಿಸಬೇಕು. ಇಬ್ಬರೇ ಬಿಡಿಸಿ ತೋರಿಸಿದರೆ ನನ್ನ ಮಾತು ಸುಳ್ಳೆಂದು ಒಪ್ಪಿಕೊಳ್ಳುತ್ತೇನೆ. ಹೆಜ್ಜೆ ಬೆಳೆಯುವ ಲೆಕ್ಕವಾದ್ದರಿಂದ ಕಾಗದ, ಪೆನ್ನು ಜೊತೆಗಿರಲಿ. ಫೋನುಗಳನ್ನು ಅಲ್ಲಿರುವ ಬೋರ್ಡಿಗೆ ಚಾರ್ಜಿಗೆ ಹಚ್ಚಬಹುದು, ಕರೆಂಟು ಇದೆ.